ನಡುದಾರಿಯಲ್ಲಿ ನಿಂತ ಉಗಿಬಂಡಿ

ಶತಮಾನದಷ್ಟು ಹಳೆಯದಾದ ಉಗಿಯಂತ್ರವೊಂದನ್ನು ವಸ್ತುಸಂಗ್ರಹಾಲಯದಿಂದ ಹೊರಗೆಳೆದು, ಮೈಗೆ ಹೊಸ ಬಣ್ಣ ಬಳಿದು, ಹಿತ್ತಾಳೆಯ ಪಟ್ಟಿಗಳನ್ನು ತಿಕ್ಕಿ ಬೆಳಗಿ, ಮುಂಗಡೆಗೆ ಚೆಂಡುಹೂವಿನ ಮಾಲೆಯನ್ನೇರಿಸಿ, ಗಣ್ಯರೊಬ್ಬರಿಂದ ಹಸಿರು ನಿಶಾನೆ ತೋರಿಸಿ, ವಿಹಾರಾರ್ಥಿಗಳ ಗಾಡಿಗೆ ಕಟ್ಟಿ ಹೊರಡಿಸಿದ ಮೇಲೆ, ಅದು ಹತ್ತಾರು ಮೈಲಿ ನಡೆದು ಹೊಲಗಳ ನಡುವೆ ನಿಂತುಬಿಟ್ಟರೆ, ಮರುದಿನದ ಪತ್ರಿಕೆಗಳಿಗೆ ಅದೊಂದು ವಿನೋದದ ವಾರ್ತೆಯಾಗುತ್ತದೆ. ಓದಿದವರು ನಗುತ್ತಾರೆ, ಮುದಿಯಂತ್ರಕ್ಕೆ ಈ ವಯಸ್ಸಿನಲ್ಲಿ ಈ ಚಾಕರಿ ಏಕೆ ಬೇಕಾಗಿತ್ತೆಂದು ಕೆಲವರು ಕೇಳುತ್ತಾರೆ. ಉಗಿಯೊಂದೇ ಹಳಿಗಳ ಮೇಲೆ ಏಕಾಧಿಪತ್ಯ ನಡೆಸುತ್ತಿದ್ದ ಕಾಲದಲ್ಲಾದರೋ ಇಂಜಿನ್ನು ನಡುದಾರಿಯಲ್ಲಿ ನಿಲ್ಲುವುದು ವಾರ್ತೆಯೂ ಆಗಿರಲಿಲ್ಲ, ವಿನೋದವೂ ಆಗಿರಲಿಲ್ಲ. ‘ಇಂಜಿನ್ ಫೇಲು’ ಎಂದು ಲೋಕೋ ಶೆಡ್ಡಿನ ದಫ್ತರದಲ್ಲಿ ಬರೆದಿಡುವ ಒಂದು ಸಾಲಾಗಿತ್ತು, ಅಷ್ಟೆ. ನಿಂತ ಯಂತ್ರವನ್ನು ಮತ್ತೆ ನಡೆಸಬಲ್ಲ ಜನ, ನೀರು, ಕಲ್ಲಿದ್ದಲು, ಉಪಕರಣ ಇವೆಲ್ಲವೂ, ಅದು ಎಲ್ಲಿ ನಿಂತರೂ ಕೆಲವು ಗಂಟೆಗಳ ದೂರದೊಳಗೆ ಸಿದ್ಧವಾಗಿದ್ದುವು. ಇಂದು ನಾವು ಉಳಿಸಿಕೊಂಡಿರುವುದು ಯಂತ್ರವನ್ನು. ಕಳೆದುಕೊಂಡಿರುವುದು ಅದರ ಸುತ್ತಣ ಲೋಕವನ್ನು.

ಈ ಮಾತಿಗೆ ನಿದರ್ಶನವಾಗಿ, ಮುಂಬಯಿಯಿಂದ ಘಟ್ಟವನ್ನೇರಿ ನಾಸಿಕ ಜಿಲ್ಲೆಯನ್ನು ಅಡ್ಡಹಾಯ್ದು, ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿಗೆ ಹೋಗುವ ದಾರಿಗಿಂತ ಉತ್ತಮವಾದುದು ನಮ್ಮ ಸಮೀಪದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಈ ದಾರಿಯ ಮೇಲಿರುವ ಇಗತ್‌ಪುರಿ, ಮನ್ಮಾಡ್ ಎಂಬ ಎರಡು ಊರುಗಳು ಇಂದಿನ ರೂಪವನ್ನು ಪಡೆದುದೇ ಉಗಿಯಂತ್ರದ ದೌರ್ಬಲ್ಯದ ದೆಸೆಯಿಂದ. ಒಂದೆಡೆ ಅದು ಘಟ್ಟವನ್ನು ಒಂಟಿಯಾಗಿ ಏರಲಾರದು. ಇನ್ನೊಂದೆಡೆ ಒಂದಳತೆಯ ಹಳಿಯಿಂದ ಬೇರೊಂದಳತೆಯ ಹಳಿಗೆ ದಾಟಲಾರದು. ಎಲ್ಲಿ ಯಂತ್ರದ ಶಕ್ತಿ ಮುಗಿಯುತ್ತದೆಯೋ ಅಲ್ಲಿ ಮನುಷ್ಯರ ವಸತಿ ಆರಂಭವಾಯಿತು.

ಮೊದಲು ಘಟ್ಟದ ಕಥೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್ನುಗಳು 14 ಗಾಡಿಗಳನ್ನು ಎಳೆದೊಯ್ದುದನ್ನು ಎಲ್ಲ ಶಾಲಾಪುಸ್ತಕಗಳೂ ಹೇಳುತ್ತವೆ. ಅದು ಸಮತಟ್ಟಾದ ನೆಲ. 34 ಕಿಲೋಮೀಟರಿನ ದಾರಿ. ನಾನೂರು ಮಂದಿ ಅತಿಥಿಗಳು ಉಲ್ಲಾಸದಿಂದ ಕುಳಿತು ಹೋದ ಆ ಪ್ರಯಾಣವೂ ವಾಸ್ತವವಾಗಿ ಒಂದು ವಿಹಾರವೇ. ಆ ಗಾಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ನಿಜವಾದ ಪರೀಕ್ಷೆ ಕಲ್ಯಾಣದ ಆಚೆಗೆ, ಸಹ್ಯಾದ್ರಿಯ ಕರಿಗೋಡೆಯ ಬುಡದಲ್ಲಿ ಕಾದಿತ್ತು. ದಖ್ಖನದ ಹತ್ತಿ ಮುಂಬಯಿಯ ಬಂದರಿಗೆ ಇಳಿಯಬೇಕಾದರೆ ಆ ಗೋಡೆಯನ್ನು ಎರಡು ಕಡೆ ಒಡೆಯಬೇಕಾಗಿತ್ತು: ಪುಣೆಯ ಕಡೆಗೆ ಭೋರ್ ಘಾಟಿನಲ್ಲಿ, ನಾಸಿಕದ ಕಡೆಗೆ ಥಳ್ ಘಾಟಿನಲ್ಲಿ. ಎರಡನ್ನೂ ರೂಪಿಸಿದವನು ಕಂಪನಿಯ ಮುಖ್ಯ ಇಂಜಿನಿಯರನಾಗಿದ್ದ ಜೇಮ್ಸ್ ಜಾನ್ ಬರ್ಕ್ಲಿ. ಆರೋಗ್ಯಗೆಟ್ಟು ಸ್ವದೇಶಕ್ಕೆ ಹಿಂದಿರುಗಿ 1862ರಲ್ಲಿ ಅವನು ತೀರಿಕೊಂಡನಾದ ಕಾರಣ ಎರಡರಲ್ಲಿ ಒಂದು ಘಟ್ಟದ ದಾರಿಯೂ ಗಾಡಿಗಳಿಗೆ ತೆರೆದುದನ್ನು ಅವನು ಕಾಣಲಿಲ್ಲ. ಅವನ ಹೆಸರಾದರೂ ಉಳಿಯಿತು. ಬಂಡೆಯನ್ನು ಕೈಯುಳಿಯಿಂದ ಕೊರೆದು, ಕಾಲರಾ ಮತ್ತು ಜ್ವರಗಳಿಗೆ ಸಾವಿರಗಟ್ಟಲೆ ಬಲಿಯಾದ ಕೂಲಿಗಳ ಹೆಸರನ್ನು ಯಾವ ಶಿಲೆಯೂ ಹೇಳುವುದಿಲ್ಲ.

ಥಳ್ ಘಾಟಿನ ದಾರಿ 1865ರ ಜನವರಿ 1ರಂದು ತೆರೆಯಿತು. ಕಸಾರಾದ ಕಡೆಯಿಂದ ಇಗತ್‌ಪುರಿಯವರೆಗೆ ಒಂಬತ್ತು ಮೈಲಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಅದು ಸುಮಾರು 970 ಅಡಿ ಏರುತ್ತದೆ. ಅತ್ಯಂತ ಕಡಿದಾದ ಕಡೆಗಳಲ್ಲಿ 37 ಅಡಿ ಮುಂದೆ ನಡೆದರೆ ಒಂದಡಿ ಮೇಲಕ್ಕೆ. ಎತ್ತಿನ ಗಾಡಿಗೆ ಇದೊಂದು ಏರೇ ಅಲ್ಲವೆಂದು ಓದುಗರಿಗೆ ತೋರಬಹುದು. ಆದರೆ ನುಣುಪಾದ ಕಬ್ಬಿಣದ ಹಳಿಯ ಮೇಲೆ ನುಣುಪಾದ ಕಬ್ಬಿಣದ ಚಕ್ರ ಉರುಳುವುದರಿಂದಲೇ ರೈಲಿಗೆ ಅಷ್ಟು ಭಾರವನ್ನು ಎಳೆಯುವ ಸಾಮರ್ಥ್ಯ ಒದಗಿರುವುದು. ಆ ನುಣುಪೇ ಏರಿನಲ್ಲಿ ಅದರ ಶತ್ರು. ಮಳೆಗಾಲದಲ್ಲಿ ಹಳಿ ಒದ್ದೆಯಾಗಿ, ಸುರಂಗದೊಳಗಿನ ಮಸಿ ಅದಕ್ಕೆ ಮೆತ್ತಿಕೊಂಡರೆ, ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತವೆಯೇ ಹೊರತು ಗಾಡಿ ಅಂಗುಲವೂ ಮುಂದುವರಿಯುವುದಿಲ್ಲ. ಅದಕ್ಕಾಗಿಯೇ ಇಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆಯಿದ್ದು, ಚಕ್ರದ ಮುಂದೆ ಹಳಿಯ ಮೇಲೆ ಮರಳುದುರಿಸುವ ಕೊಳವೆಗಳಿದ್ದುವು.

ಘಟ್ಟಗಳಿಗೆಂದೇ ಮ್ಯಾಂಚೆಸ್ಟರಿನ ಶಾರ್ಪ್ ಸ್ಟೂವರ್ಟ್ ಕಂಪನಿ 1862ರಿಂದ ಬೇರೊಂದು ಜಾತಿಯ ಇಂಜಿನ್ನನ್ನು ಮಾಡಿಕೊಟ್ಟಿತು. ನೀರಿನ ತೊಟ್ಟಿಯನ್ನು ಜೀನಿನಂತೆ ಬೆನ್ನ ಮೇಲೆಯೇ ಹೊತ್ತ ಈ ಯಂತ್ರಗಳಿಗೆ ಚಕ್ರವನ್ನು ಹಿಡಿಯುವ ಬ್ರೇಕುಗಳ ಜತೆಗೆ ಹಳಿಯನ್ನೇ ಒತ್ತಿ ಹಿಡಿಯುವ ಜಾರುಬ್ರೇಕುಗಳನ್ನೂ ಜೋಡಿಸಿದ್ದರು. ಗಾಡಿ ಏರುವಾಗ ಹಿಂದಿನಿಂದ ತಳ್ಳಲು ‘ಬ್ಯಾಂಕರ್’ ಎಂಬ ಸಹಾಯಕ ಇಂಜಿನ್ನು. ಇಳಿಯುವಾಗ ಬ್ರೇಕು ತಪ್ಪಿ ಓಡಿಹೋಗುವ ಗಾಡಿಯನ್ನು ಹಿಡಿದು ನಿಲ್ಲಿಸಲು, ಮುಖ್ಯ ದಾರಿಯಿಂದ ಕವಲೊಡೆದು ಮೇಲಕ್ಕೇರುವ ‘ಕ್ಯಾಚ್ ಸೈಡಿಂಗ್’. ಈ ಕವಲಿನ ಕಡೆಗೇ ಕೂಡುಹಳಿಯನ್ನು ಯಾವಾಗಲೂ ತಿರುಗಿಸಿಟ್ಟಿದ್ದು, ಗಾಡಿ ಬಂದು ನಿಂತು ತನ್ನ ಬ್ರೇಕು ಸರಿಯಾಗಿದೆಯೆಂದು ತೋರಿಸಿಕೊಟ್ಟ ಮೇಲೆಯೇ ಮುಖ್ಯ ದಾರಿಯನ್ನು ಬಿಟ್ಟುಕೊಡುತ್ತಿದ್ದರು. ಇಲ್ಲಿ ಗಮನಿಸಬೇಕಾದುದು ಈ ವ್ಯವಸ್ಥೆಯ ಹಿಂದಿದ್ದ ಮನೋಧರ್ಮವನ್ನು: ಯಂತ್ರ ಕೈಕೊಡುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡು, ಕೈಕೊಟ್ಟಾಗ ಏನು ಮಾಡಬೇಕೆಂಬುದನ್ನು ಬೆಟ್ಟದ ಮೈಮೇಲೆ ಹಳಿಯಿಂದ ಬರೆದಿಟ್ಟಿದ್ದರು.

ಇಗತ್‌ಪುರಿ ಹುಟ್ಟಿಕೊಂಡುದು ಹೀಗೆ. ಏರಿ ಬಂದ ಇಂಜಿನ್ನಿಗೆ ನೀರು ಬೇಕು, ಕುಲುಮೆಯ ಕಿಟ್ಟವನ್ನು ತೆಗೆಯಬೇಕು, ಹಿಂದಿನ ಬ್ಯಾಂಕರನ್ನು ಬಿಚ್ಚಿ ಕಸಾರಾಕ್ಕೆ ಇಳಿಸಬೇಕು. ಇವೆಲ್ಲಕ್ಕೂ ಶೆಡ್ಡು, ಕೆರೆ, ಚಾಳುಗಳು, ದವಾಖಾನೆ. ಡ್ರೈವರು ಮತ್ತು ಫೈರ್‌ಮನ್ನರು ಊರಿನ ಕಣ್ಣಿಗೆ ಬೀಳುವ ವೀರರು. ಅವರ ಬೆನ್ನಿಗೆ ಖಲಾಸಿಗಳು, ಬಾಯ್ಲರ್ ಮಿಸ್ತ್ರಿಗಳು, ರಾತ್ರಿ ಮೂರು ಗಂಟೆಗೆ ಎದ್ದು ತಣ್ಣನೆಯ ಇಂಜಿನ್ನಿನಲ್ಲಿ ಬೆಂಕಿ ಹೊತ್ತಿಸುವವರು, ಬೂದಿ ಬಾಚುವವರು.

ಘಟ್ಟದ ತಲೆಯ ಮೇಲೆ ಕಾದಿದ್ದ ಅಪಾಯವೊಂದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಉಗಿಯಂತ್ರವನ್ನು ನಡೆಸುವುದು ಎಂತಹ ವಿದ್ಯೆಯಾಗಿತ್ತೆಂಬುದು ಅದರಿಂದ ತಿಳಿದೀತು. ಬಾಯ್ಲರಿನ ಹಿಂಭಾಗದಲ್ಲಿ, ನೀರಿನಿಂದ ಸುತ್ತುವರಿದ ಕುಲುಮೆಯಿದೆ. ಅದರ ನೆತ್ತಿಯ ತಗಡಿನ ಮೇಲೆ ಸದಾ ಕೆಲವು ಅಂಗುಲ ನೀರು ನಿಂತಿರಲೇಬೇಕು. ಇಂಜಿನ್ನು ಮುಂದಲೆಯೆತ್ತಿ ಘಟ್ಟವನ್ನೇರುವಾಗ ನೀರೆಲ್ಲ ಹಿಂದಕ್ಕೆ ಸರಿದು ಕುಲುಮೆಯ ನೆತ್ತಿಯ ಮೇಲೆ ಯಥೇಚ್ಛವಾಗಿ ನಿಲ್ಲುತ್ತದೆ. ಡ್ರೈವರನ ಕಣ್ಣೆದುರಿನ ಗಾಜಿನ ನಳಿಗೆಯೂ ಬೇಕಾದಷ್ಟು ನೀರಿದೆಯೆಂದೇ ಹೇಳುತ್ತದೆ. ಶಿಖರವನ್ನು ಮುಟ್ಟಿ ಇಂಜಿನ್ನು ಸಮನೆಲಕ್ಕೆ ಬಂದು ಮುಂದಕ್ಕೆ ಬಾಗಿದ ಕ್ಷಣವೇ ಆ ನೀರು ಮುಂದಕ್ಕೆ ನುಗ್ಗುತ್ತದೆ. ನೆತ್ತಿಯ ತಗಡು ಬರಿದಾಗಿ, ಕೆಳಗಿನ ಬೆಂಕಿಗೆ ಕೆಂಪಗೆ ಕಾಯುತ್ತದೆ. ಆ ತಗಡಿನಲ್ಲಿ ಸೀಸದ ಬಿರಡೆಗಳನ್ನು ಕೂಡಿಸಿರುವುದು ಈ ಗಳಿಗೆಗಾಗಿಯೇ. ಸೀಸ ಕರಗಿ, ಉಗಿ ಭೋರ್ಗರೆಯುತ್ತ ಬೆಂಕಿಯ ಮೇಲೆ ಸುರಿದು, ಅನಾಹುತ ಸಮೀಪಿಸಿತೆಂದು ಡ್ರೈವರನಿಗೆ ಸಾರಿ, ಬೆಂಕಿಯ ಉಗ್ರತೆಯನ್ನು ತಗ್ಗಿಸುತ್ತದೆ. ಪ್ರಾಣ ಉಳಿಯಿತು, ಇಂಜಿನ್ನು ಮಾತ್ರ ಅಲ್ಲಿಗೆ ಫೇಲು. ಬಿರಡೆ ಕರಗಿಸಿದ ಡ್ರೈವರು ಮೇಲಧಿಕಾರಿಗಳ ಮುಂದೆ ತಲೆಯೆತ್ತಿ ನಿಲ್ಲಲಾರ. ಆದುದರಿಂದ ಶಿಖರಕ್ಕೆ ಎಷ್ಟು ಮುಂಚಿತವಾಗಿ ಇಂಜೆಕ್ಟರನ್ನು ತೆರೆದು ನೀರನ್ನು ತುಂಬಬೇಕು, ಹಾಗೆ ತುಂಬಿದ ತಣ್ಣೀರಿನಿಂದ ಉಗಿಯ ಒತ್ತಡ ಕುಸಿಯದಂತೆ ಬೆಂಕಿಯನ್ನು ಹೇಗೆ ಹದಮಾಡಿಟ್ಟಿರಬೇಕು ಎಂಬುದನ್ನು ಆ ದಾರಿಯ ಒಂದೊಂದು ತಿರುವಿಗೂ ಲೆಕ್ಕ ಹಾಕಿ ಅವನು ಬಲ್ಲವನಾಗಿರಬೇಕಾಗಿತ್ತು. ಇದು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಸಿಕ್ಕುವ ವಿದ್ಯೆಯಲ್ಲ. ಕೈಯಿಂದ ಕೈಗೆ, ಫೈರ್‌ಮನ್ನಾಗಿ ವರ್ಷಗಟ್ಟಲೆ ಸಲಿಕೆ ಹಿಡಿದವನಿಗೆ ಮಾತ್ರ ಬರತಕ್ಕುದು.

ಘಟ್ಟದಿಂದ ಉಗಿ ಬಹು ಬೇಗನೆ ಹಿಂದೆ ಸರಿಯಿತು. 1925ರ ಫೆಬ್ರವರಿ 3ರಂದು ಮುಂಬಯಿಯಿಂದ ಕುರ್ಲಾದವರೆಗೆ ಆರಂಭವಾದ ವಿದ್ಯುತ್ ರೈಲು ಆ ದಶಕ ಕಳೆಯುವುದರೊಳಗೆ ಇಗತ್‌ಪುರಿಯನ್ನು ಮುಟ್ಟಿತು. ನಡುವೆ ಮನೆಯಂತಹ ಗೂಡು, ಹಿಂದೆ ಮುಂದೆ ಚಾಚಿದ ಮೂತಿಗಳು, ಚಕ್ರಗಳ ಮಗ್ಗುಲಲ್ಲಿ ಏಡಿಯ ಕಾಲುಗಳಂತೆ ಆಡುವ ಕೂಡುಸಲಾಕೆಗಳು ಇದ್ದ ಆ ಹೊಸ ಇಂಜಿನ್ನನ್ನು ಮರಾಠಿಗರು ‘ಖೇಕಡಾ’ ಎಂದು ಕರೆದರು. ಪಾಶ್ಚಾತ್ಯರಿಗೆ ಅದೇ ಮೊಸಳೆಯಾಗಿ ಕಂಡಿತು. ಮುಂದಿನ ಸುಮಾರು ನಾಲ್ಕು ದಶಕ ಮುಂಬಯಿಯಿಂದ ವಿದ್ಯುತ್ತಿನಿಂದ ಬಂದ ಗಾಡಿ ಇಗತ್‌ಪುರಿಯಲ್ಲಿ ಇಂಜಿನ್ನು ಬದಲಾಯಿಸಿಕೊಂಡು, ಅಲ್ಲಿಂದ ಭುಸಾವಳದ ಕಡೆಗೆ ಉಗಿಯಿಂದಲೋ ಆಮೇಲೆ ಡೀಸೆಲಿನಿಂದಲೋ ಮುಂದುವರಿಯುತ್ತಿತ್ತು. ಆ ನಿಲುಗಡೆಯಲ್ಲಿ ವಡೆ ಮಾರುವವರ ಸಂಸಾರಗಳು ನಡೆದುವು.

ನಾಸಿಕ ನಗರವಾದರೋ ರೈಲಿನ ಈ ಇತಿಹಾಸದಲ್ಲಿ ತುಸು ದೂರವೇ ನಿಂತ ಊರು. ಗೋದಾವರಿಯ ದಡದ ಪಂಚವಟಿಗೂ ನಾಸಿಕ ರೋಡ್ ಸ್ಟೇಷನ್ನಿಗೂ ನಡುವೆ ಐದಾರು ಮೈಲಿ. ಆ ಅಂತರವನ್ನು ತುಂಬಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುದುರೆಗಳು ಎಳೆಯುವ ಟ್ರಾಮು ಹುಟ್ಟಿ, ಕೆಲವು ದಶಕ ನಡೆದು, ನಷ್ಟಕ್ಕೀಡಾಗಿ ಅಳಿದುಹೋಯಿತು. ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳ ಬಂದಾಗ ಮಾತ್ರ ರೈಲ್ವೆಯ ಸರ್ವಶಕ್ತಿಯೂ ಇತ್ತ ತಿರುಗುತ್ತಿತ್ತು.

ಇಗತ್‌ಪುರಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ಮುಂದೆ, ಅದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಹೆಬ್ಬೆರಳಿನಂತೆ ನಿಂತ ಬಂಡೆಯ ಗುಡ್ಡವೊಂದರ ನೆರೆಯಲ್ಲಿ ಮನ್ಮಾಡ್ ಇದೆ. ಇಲ್ಲಿಂದಾಚೆಗೆ ನಿಜಾಮರ ಸೀಮೆ. 1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿ, ಮುಂಬಯಿ ಮದರಾಸುಗಳ ಮುಖ್ಯ ದಾರಿಗೆ ತನ್ನ ರಾಜಧಾನಿಯನ್ನು ಜೋಡಿಸಿಕೊಂಡ ನಿಜಾಮ ಸರ್ಕಾರವು, ಶತಮಾನ ಮುಗಿಯುವ ಹೊತ್ತಿಗೆ ಮರಾಠವಾಡದ ಹತ್ತಿಯ ನೆಲವನ್ನು ಹಾಯ್ದು ಸಿಕಂದರಾಬಾದಿನಿಂದ ಮನ್ಮಾಡಿನವರೆಗೆ 391 ಮೈಲಿಯ ಹೈದರಾಬಾದ್–ಗೋದಾವರಿ ಕಣಿವೆ ರೈಲ್ವೆಯನ್ನು ಪೂರೈಸಿತು. ವಾಡಿಯ ದಾರಿ ಬ್ರಾಡ್‌ಗೇಜು, ಇದು ಮೀಟರ್‌ಗೇಜು. ಖರ್ಚು ಕಡಿಮೆಯೆಂಬ ಲೆಕ್ಕದಿಂದ ಮಾಡಿದ ಈ ನಿರ್ಧಾರದ ಫಲವಾಗಿ, ಮುಂಬಯಿಯಿಂದ ಬಂದ ಪ್ರತಿಯೊಂದು ಮೂಟೆಯನ್ನೂ ಮನ್ಮಾಡಿನಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಯಿತು. ಒಂದು ಶತಮಾನದ ಬಹುಭಾಗ ಸಾವಿರಾರು ಹಮಾಲರ ಬೆನ್ನು ಆ ಉಳಿತಾಯದ ಬಡ್ಡಿಯನ್ನು ತೆತ್ತಿತು.

ಮನ್ಮಾಡಿನ ನೀರಿನ ಅಭಾವ ಇಂದಿಗೂ ಹೆಸರಾದುದು. ಉಗಿಯ ಕಾಲದಲ್ಲಿ ಅದು ಇನ್ನೂ ದಾರುಣವಾಗಿದ್ದಿರಬೇಕು, ಏಕೆಂದರೆ ಮನುಷ್ಯರಂತೆ ಇಂಜಿನ್ನುಗಳೂ ಅಲ್ಲಿ ಬಾಯಾರಿ ಬರುತ್ತಿದ್ದುವು. ಕರಿಗಲ್ಲಿನ ಆ ಪ್ರಸ್ಥಭೂಮಿಯ ಬಾವಿಯ ನೀರು ಗಡಸು. ಕುದಿದಷ್ಟೂ ಬಾಯ್ಲರಿನ ನಳಿಗೆಗಳಿಗೆ ಸುಣ್ಣದಂತಹ ಹೆಪ್ಪು ಕಟ್ಟುತ್ತದೆ, ಹೆಪ್ಪಿನ ಕೆಳಗೆ ಲೋಹ ಕಾದು ಸೀಳುತ್ತದೆ, ನಳಿಗೆ ಸೋರಿ ಬೆಂಕಿ ಮಂಕಾಗುತ್ತದೆ. ನಿಯತಕಾಲಕ್ಕೆ ಇಂಜಿನ್ನನ್ನು ತಣಿಸಿ, ಬಾಯ್ಲರಿನ ಒಳಗನ್ನು ತೊಳೆಯುವ ಕೆಲಸ ಶೆಡ್ಡಿನ ನಿತ್ಯಕರ್ಮಗಳಲ್ಲೆಲ್ಲ ಮುಖ್ಯವಾಗಿತ್ತು. ಅದರೊಡನೆ ನಿಜಾಮರ ರೈಲ್ವೆ ಉರಿಸುತ್ತಿದ್ದುದು ಸಿಂಗರೇಣಿಯ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು, ಬೂದಿ ಕರಗಿ ಕಿಟ್ಟವಾಗಿ ಜಾಲರಿಗೆ ಕಚ್ಚಿಕೊಂಡರೆ ಗಾಳಿಯಾಡದೆ ಉಗಿ ಇಳಿಯುತ್ತದೆ. ನೀರು ಒಂದು ಕಡೆಯಿಂದ, ಕಲ್ಲಿದ್ದಲು ಇನ್ನೊಂದು ಕಡೆಯಿಂದ ಇಂಜಿನ್ನನ್ನು ಕೆಡಿಸಲು ಹವಣಿಸುತ್ತಿರುವಾಗ ಅದು ದಿನವೂ ನಡೆಯುತ್ತಿತ್ತೆಂಬುದೇ ಅಚ್ಚರಿ.

ಅಂತಹ ಇಂಜಿನ್ನೊಂದು ನಾಗರಸೋಲ್, ರೋಟೆಗಾಂವ್, ಲಾಸೂರ್ ಈ ಊರುಗಳ ನಡುವೆ ಎಲ್ಲಿಯೋ ಬಯಲಿನಲ್ಲಿ ನಿಂತಿತೆನ್ನೋಣ. ಒಂಟಿ ಹಳಿಯ ದಾರಿ. ಬೆತ್ತದ ಬಳೆಗೆ ಸಿಕ್ಕಿಸಿಕೊಟ್ಟ ಟೋಕನ್ನು ಯಾವ ಡ್ರೈವರನ ಕೈಯಲ್ಲಿದೆಯೋ ಅವನಿಗಲ್ಲದೆ ಆ ಎರಡು ಸ್ಟೇಷನ್ನುಗಳ ನಡುವೆ ಬೇರೆ ಯಾರಿಗೂ ಪ್ರವೇಶವಿಲ್ಲ. ಗಾರ್ಡು ಮೊದಲು ಮಾಡುವ ಕೆಲಸ ಪ್ರಯಾಣಿಕರಿಗೆ ಸಮಾಧಾನ ಹೇಳುವುದಲ್ಲ. ಕೆಂಪು ಬಾವುಟವನ್ನೋ ರಾತ್ರಿಯಾದರೆ ಕೆಂಪು ದೀಪವನ್ನೋ ಹಿಡಿದು ಹಿಂದಕ್ಕೆ ನಡೆದು, ಮೀಟರ್‌ಗೇಜಾದರೆ 400 ಮೀಟರಿಗೆ ಒಂದು, 800 ಮೀಟರಿಗೆ ಹತ್ತು ಹತ್ತು ಮೀಟರಿನ ಅಂತರದಲ್ಲಿ ಮೂರು ಎಂಬ ಲೆಕ್ಕದಿಂದ ಹಳಿಯ ಮೇಲೆ ಸಿಡಿಗುಂಡುಗಳನ್ನು ಕಟ್ಟಿ ಬರುವುದು. ಇತ್ತ ಡ್ರೈವರು ಮತ್ತು ಫೈರ್‌ಮನ್ನು ಯಂತ್ರದ ಅಡಿಗಿಳಿಯುತ್ತಾರೆ. ಸೋರುವ ನಳಿಗೆಯ ಎರಡು ಬಾಯಿಗೂ ಬಿರಡೆ ಬಡಿಯಬಹುದು. ಕಾದ ಅಚ್ಚಿನ ಪೆಟ್ಟಿಗೆಗೆ ಎಣ್ಣೆ ತುಂಬಿ ತಣಿಸಬಹುದು. ಒಂದು ಮಗ್ಗುಲಿನ ಸಲಾಕೆ ಮುರಿದಿದ್ದರೆ ಅದನ್ನು ಬಿಚ್ಚಿ ಕಟ್ಟಿಹಾಕಿ, ಇನ್ನೊಂದು ಮಗ್ಗುಲಿನ ಸಿಲಿಂಡರೊಂದರ ಬಲದಿಂದಲೇ ಮುಂದಿನ ಸ್ಟೇಷನ್ನಿನವರೆಗೆ ಕುಂಟಿಸಿಕೊಂಡು ಹೋಗಬಹುದು. ಯಾವುದೂ ಸಾಗದಾದರೆ ಸಹಾಯಕ ಇಂಜಿನ್ನು ಬೇಕೆಂದು ಹೇಳಿಕಳಿಸಬೇಕು. ಹಾಗೆ ಒಮ್ಮೆ ಹೇಳಿಕಳಿಸಿದ ಮೇಲೆ, ಇಂಜಿನ್ನು ತಾನಾಗಿ ಸರಿಹೋದರೂ, ಸಹಾಯ ಬರುವವರೆಗೆ ಗಾಡಿಯನ್ನು ನಿಂತ ಸ್ಥಳದಿಂದ ಕದಲಿಸಕೂಡದೆಂಬುದು ನಿಯಮ. ಎದುರಿನಿಂದ ಬರುತ್ತಿರುವ ಇಂಜಿನ್ನಿಗೂ ತನಗೂ ಘರ್ಷಣೆಯಾದೀತೆಂಬ ಭಯ ಅದರ ಹಿಂದಿದೆ. ಸರಿಹೋದ ಯಂತ್ರವನ್ನು ಕೈಕೆಳಗಿಟ್ಟುಕೊಂಡು ಸುಮ್ಮನೆ ಕುಳಿತಿರಬೇಕಾದ ಆ ಡ್ರೈವರನ ಸಂಯಮವನ್ನು ಯೋಗಿಗಳಲ್ಲಿಯೂ ಕಾಣುವುದು ಕಷ್ಟ.

ಇದೇ ದಾರಿಯಲ್ಲಿ ವಿಹಾರದ ಗಾಡಿಗಳ ಕಾಲವೂ ಬಂದಿತು. 1930ರಲ್ಲಿ ರೈಲ್ವೆಯನ್ನು ಅದನ್ನು ನಡೆಸುತ್ತಿದ್ದ ಕಂಪನಿಯ ಕೈಯಿಂದ ಬಿಡಿಸಿಕೊಂಡ ನಿಜಾಮ ಸರ್ಕಾರ, ಎಲ್ಲೋರ ಅಜಂತಗಳನ್ನು ಜಗತ್ತಿಗೆ ತೋರಿಸಬೇಕೆಂಬ ಉತ್ಸಾಹದಿಂದ ಪ್ರಚಾರಕ್ಕೆ ತೊಡಗಿತು. 1932ರ ಜೂನಿನಲ್ಲಿ 27 ಬಸ್ಸುಗಳೊಡನೆ ರೈಲ್ವೆಯೇ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ಪ್ರವಾಸಿ ಮನ್ಮಾಡಿನಲ್ಲಿ ದೊಡ್ಡ ಗಾಡಿಯಿಂದಿಳಿದು ಚಿಕ್ಕ ಗಾಡಿಯನ್ನೇರಿ, ದೌಲತಾಬಾದಿನ ಕೋಟೆ ಕಿಟಕಿಯಲ್ಲಿ ಮೂಡುವುದನ್ನು ನೋಡುತ್ತ ಔರಂಗಾಬಾದಿನಲ್ಲಿಳಿಯುತ್ತಿದ್ದ. 113 ಕಿಲೋಮೀಟರಿನ ಆ ದಾರಿಯಲ್ಲಿ ಕನ್ನಡಿಗನಾದ ಪ್ರವಾಸಿಗೆ ಒಂದು ಆಪ್ತಭಾವ ಮೂಡದಿರದು. ಎಲ್ಲೋರದ ಕೈಲಾಸವನ್ನು ಎಂಟನೆಯ ಶತಮಾನದಲ್ಲಿ ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಆ ವಂಶದ ಆಸ್ಥಾನದಲ್ಲಿಯೇ ಮುಂದಿನ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದೆ. ನಾಸಿಕದ ಗೋದಾವರಿಯಿಂದ ಎಲ್ಲೋರದವರೆಗಿನ ಈ ನೆಲದ ಮೇಲೆ ನಮಗೆ ರಾಜಕೀಯದ ಹಕ್ಕೇನೂ ಇಲ್ಲ, ಬೇಕಾಗಿಯೂ ಇಲ್ಲ. ನೆಂಟಸ್ತಿಕೆಯುಂಟು, ಅದನ್ನು ಮರೆಯಬೇಕಾದುದಿಲ್ಲ.

1951ರಲ್ಲಿ ನಿಜಾಮರ ರೈಲ್ವೆ ಮಧ್ಯ ರೈಲ್ವೆಯಲ್ಲಿ ಲೀನವಾಯಿತು. ಸ್ವತಂತ್ರ ಭಾರತ ಮೀಟರ್‌ಗೇಜಿಗೆಂದು ರೂಪಿಸಿದ ವೈಪಿ, ವೈಜಿ ಎಂಬ ಇಂಜಿನ್ನುಗಳು, ಚದರ ಅಂಗುಲಕ್ಕೆ 210 ಪೌಂಡು ಒತ್ತಡದ ಉಗಿಯನ್ನು ಹೊತ್ತು ದೇಶದ ಮೀಟರ್‌ಗೇಜು ದಾರಿಗಳನ್ನೆಲ್ಲ ಆಳಿದುವು. ಚಿತ್ತರಂಜನದ ಕಾರ್ಖಾನೆ 1970ರಲ್ಲಿ ‘ಅಂತಿಮ ಸಿತಾರಾ’ ಎಂಬ ಹೆಸರಿನ ಕೊನೆಯ ಬ್ರಾಡ್‌ಗೇಜ್ ಉಗಿಯಂತ್ರವನ್ನು ಹೊರಗೆ ಕಳಿಸಿತು. ಬ್ರಾಡ್‌ಗೇಜಿನಲ್ಲಿ ಉಗಿಯ ನಿತ್ಯಸೇವೆ 1995ರ ಡಿಸೆಂಬರಿನಲ್ಲಿ ಪಂಜಾಬಿನಲ್ಲಿ ಕೊನೆಗೊಂಡಿತು. ಮನ್ಮಾಡಿನಿಂದ ಔರಂಗಾಬಾದಿನವರೆಗಿನ ಹಳಿಯೂ ಆ ದಶಕದಲ್ಲಿ ಅಗಲವಾಯಿತು. 2023ರ ಡಿಸೆಂಬರ್ 30ರಂದು ಜಾಲನಾ ಮುಂಬಯಿಗಳ ನಡುವೆ ವಂದೇ ಭಾರತ್ ಆರಂಭವಾಯಿತು. ಸಂಭಾಜಿನಗರ, ಮನ್ಮಾಡ್, ನಾಸಿಕ ರೋಡ್ ಎಲ್ಲವೂ ಅದರ ದಾರಿಯ ಮೇಲಿವೆ, ಎಲ್ಲಿಯೂ ಇಂಜಿನ್ನು ಬದಲಾಯಿಸಬೇಕಾದುದಿಲ್ಲ.

ಉಗಿ ಸತ್ತ ಮೇಲೆ ಅದರ ಮೇಲೆ ನಮಗೆ ಪ್ರೀತಿ ಉಕ್ಕಿತು. 1855ರಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ತಯಾರಾಗಿ, 1909ರಲ್ಲಿ ನಿವೃತ್ತವಾಗಿ, ದೆಹಲಿಯ ವಸ್ತುಸಂಗ್ರಹಾಲಯದಲ್ಲಿ ಕುಳಿತಿದ್ದ ‘ಫೇರಿ ಕ್ವೀನ್’ ಎಂಬ ಇಂಜಿನ್ನನ್ನು 1997ರಲ್ಲಿ ಮತ್ತೆ ಎಬ್ಬಿಸಿ, ದೆಹಲಿಯಿಂದ ಅಲ್ವರಕ್ಕೆ ಪ್ರವಾಸಿಗಳನ್ನು ಒಯ್ಯಲು ಕಟ್ಟಿದರು; ಸೇವೆಯಲ್ಲಿರುವ ಜಗತ್ತಿನ ಅತ್ಯಂತ ಹಳೆಯ ಉಗಿಯಂತ್ರವೆಂದು ಗಿನ್ನೆಸ್ ಪುಸ್ತಕ ಅದನ್ನು ಮನ್ನಿಸಿತು. 2011ರಲ್ಲಿ ಕಳ್ಳರು ಅದರ ಬಿಡಿಭಾಗಗಳನ್ನು ಬಿಚ್ಚಿಕೊಂಡು ಹೋದರು. ಅಂಗಡಿಯಲ್ಲಿ ಕೊಳ್ಳಲು ಸಿಕ್ಕುವ ಭಾಗಗಳೇ ಅವು? ಒಂದೊಂದನ್ನೂ ಹೊಸದಾಗಿ ಎರಕಹೊಯ್ದು, ಕಡೆದು ಕೂಡಿಸಿ, 2012ರ ಡಿಸೆಂಬರಿನಲ್ಲಿ ಅದನ್ನು ಮತ್ತೆ ಹಳಿಗೆ ತಂದರು.

ಉಗಿಯಂತ್ರ ಜನರ ಕಣ್ಣೆದುರಿಗೇ ಕೈಕೊಡುವುದು ಅದರ ಹುಟ್ಟುಗುಣ. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ಲಿನಲ್ಲಿ ನಡೆದ ಉಗಿಯಂತ್ರಗಳ ಪ್ರಥಮ ಸ್ಪರ್ಧೆಯಲ್ಲಿ ಜನರ ಮೆಚ್ಚುಗೆ ಪಡೆದಿದ್ದ ‘ನಾವೆಲ್ಟಿ’ ಕೊಳವೆಯೊಡೆದು ಸೋತಿತು. ‘ಸಾನ್ಸ್ ಪರೈಲ್’ ಸಿಲಿಂಡರು ಬಿರಿದು ಸೋತಿತು. ನಿಲ್ಲದೆ ಓಡಿದುದರಿಂದಲೇ ಸ್ಟೀಫನ್‌ಸನ್ನರ ‘ರಾಕೆಟ್’ ಗೆದ್ದಿತು. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿಯ ವೇಗದ ವಿಶ್ವದಾಖಲೆಯನ್ನು ಸ್ಥಾಪಿಸಿದ ‘ಮಲ್ಲಾರ್ಡ್’ ಆ ಓಟದಲ್ಲಿಯೇ ನಡುಸಲಾಕೆಯ ಬೇರಿಂಗನ್ನು ಕಾಯಿಸಿ ಕರಗಿಸಿಕೊಂಡು ಪೀಟರ್‌ಬರೋದಲ್ಲಿ ನಿಂತಿತು; ವಿಜಯದ ಗಾಡಿಯನ್ನು ಲಂಡನ್ನಿಗೆ ಎಳೆದೊಯ್ದುದು ಅಲ್ಲಿ ಸಿಕ್ಕಿದ ಹಳೆಯ ಇಂಜಿನ್ನೊಂದು. ಡಾಂಕಾಸ್ಟರಿನ ಕಾರ್ಖಾನೆ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿ ಕೆಲಸಕ್ಕೆ ಕಳಿಸಿತು. ಇದಕ್ಕೆದುರಾಗಿ, ಹಳೆಯ ನಕ್ಷೆಗಳನ್ನು ಹಿಡಿದು ಉತ್ಸಾಹಿಗಳು ಚಂದಾ ಹಣದಿಂದ ಕಟ್ಟಿ 2008ರಲ್ಲಿ ಪೂರೈಸಿದ ‘ಟಾರ್ನೇಡೋ’ 2018ರ ಏಪ್ರಿಲ್ 14ರಂದು ಲಂಡನ್ನಿನಿಂದ ಯಾರ್ಕಿಗೆ ವಿಹಾರದ ಗಾಡಿಯನ್ನು ಎಳೆದೊಯ್ಯುತ್ತಿದ್ದಾಗ, ಒಳಗಿನ ಕವಾಟವನ್ನು ನಡೆಸುವ ಅಂಗ ಮುರಿದು ಸ್ಯಾಂಡಿಯ ಬಳಿ ನಿಂತುಹೋದುದಲ್ಲದೆ, ತಿಂಗಳುಗಟ್ಟಲೆ ಮನೆಯನ್ನು ಹಿಡಿಯಿತು. ಮಲ್ಲಾರ್ಡಿಗೆ ದಿನಗಳು, ಟಾರ್ನೇಡೋವಿಗೆ ತಿಂಗಳುಗಳು: ಯಂತ್ರ ಅದೇ ಕುಲದ್ದು, ಕಳೆದುಹೋದುದು ನೂರಾರು ಸೋದರ ಇಂಜಿನ್ನುಗಳ ಬಿಡಿಭಾಗ ತುಂಬಿದ ಕಾರ್ಖಾನೆಯ ಉಗ್ರಾಣ.

ಪಾರಂಪರಿಕ ಇಂಜಿನ್ನು ಕೆಡಲು ಇನ್ನೊಂದು ಕಾರಣವೂ ಇದೆ. ಅದನ್ನು ಹೊರಗಿನವರು ಊಹಿಸುವುದಿಲ್ಲ. ದಿನವೂ ದುಡಿಯುತ್ತಿದ್ದ ಇಂಜಿನ್ನು ಪೂರ್ತಿ ತಣ್ಣಗಾಗುತ್ತಿದ್ದುದೇ ಅಪರೂಪ. ವಿಹಾರದ ಇಂಜಿನ್ನಾದರೋ ತಿಂಗಳಿಗೊಮ್ಮೆಯೋ ಎರಡು ಸಲವೋ ತಣ್ಣನೆಯ ಸ್ಥಿತಿಯಿಂದ ಕಾದು, ಓಡಿ, ಮತ್ತೆ ತಣ್ಣಗಾಗುತ್ತದೆ. ತಾಮ್ರ ಒಂದು ರೀತಿ, ಉಕ್ಕು ಇನ್ನೊಂದು ರೀತಿ ಹಿಗ್ಗಿ ಕುಗ್ಗಿ, ನಳಿಗೆಗಳ ಸಂದಿ ಸಡಿಲುತ್ತದೆ. ಹೆಚ್ಚು ದುಡಿಮೆಯಿಂದಲ್ಲ, ಹೆಚ್ಚು ವಿಶ್ರಾಂತಿಯಿಂದ ಅದು ಕೆಡುತ್ತದೆ. ಇದಲ್ಲದೆ, ಇಂದು ದಾರಿಯಲ್ಲಿ ನೀರಿನ ಕಂಬಗಳಿಲ್ಲ. ಅಗ್ನಿಶಾಮಕದ ಲಾರಿಯನ್ನು ಕರೆಸಬೇಕು. ತಲೆಯ ಮೇಲೆ 25 ಸಾವಿರ ವೋಲ್ಟಿನ ತಂತಿ ಹರಿದಿರುವಲ್ಲಿ ಟೆಂಡರಿನ ಮೇಲೇರಿ ಕಲ್ಲಿದ್ದಲನ್ನು ಸರಿಸುವುದು ಪ್ರಾಣಕ್ಕೇ ಎರವು. ಕಡೆಗೆ, ಹಲವು ದೇಶಗಳಲ್ಲಿ ರೂಢಿಗೆ ಬಂದಿರುವ ಉಪಾಯವೆಂದರೆ, ಫೋಟೋ ತೆಗೆಯುವವರ ಕಣ್ಣಿಗೆ ಬೀಳದಂತೆ ಗಾಡಿಯ ಹಿಂತುದಿಗೆ ಡೀಸೆಲ್ ಇಂಜಿನ್ನೊಂದನ್ನು ಕಟ್ಟುವುದು. ಇದನ್ನು ಮೋಸವೆಂದು ಹಳಿಯುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಥಳ್ ಘಾಟಿನ ಬ್ಯಾಂಕರು ಮಾಡುತ್ತಿದ್ದುದೂ ಅದನ್ನೇ, ಅದನ್ನು ಯಾರೂ ಬಚ್ಚಿಡುತ್ತಿರಲಿಲ್ಲವೆಂಬುದೊಂದೇ ವ್ಯತ್ಯಾಸ.

ಮನ್ಮಾಡಿನಿಂದ ದೌಲತಾಬಾದಿನವರೆಗೆ ಉಗಿಬಂಡಿಯೊಂದನ್ನು ಓಡಿಸಿ ಎಲ್ಲೋರದ ಪ್ರವಾಸಿಗಳನ್ನು ಆಕರ್ಷಿಸಬೇಕೆಂಬ ಆಸೆ ಯಾರಿಗಾದರೂ ಬಂದಲ್ಲಿ ಅದು ಸ್ವಾಗತಾರ್ಹವೇ. ಆದರೆ ಇಂಜಿನ್ನನ್ನು ಹುಡುಕುವುದಕ್ಕೆ ಮೊದಲು ನೀರಿನ ವ್ಯವಸ್ಥೆಯಾಗಲಿ. ಹತ್ತು ಜನ ಹುಡುಗರನ್ನು ರೆವಾರಿಯ ಉಗಿ ಶೆಡ್ಡಿಗೋ ನೀಲಗಿರಿಯ ಇಂಜಿನ್ನುಗಳನ್ನು ದುರಸ್ತಿಮಾಡುವ ಪೊನ್ಮಲೆಯ ಕಾರ್ಖಾನೆಗೋ ಕಳಿಸಿ ಬಾಯ್ಲರಿನ ಕೆಲಸವನ್ನು ಕಲಿಸಲಿ. ಕಲಿಸಬಲ್ಲವರು ಇಂದು ಎಪ್ಪತ್ತರ ಆಸುಪಾಸಿನವರು. ನಮ್ಮಲ್ಲಿಯೂ ಹುಬ್ಬಳ್ಳಿ, ಅರಸೀಕೆರೆ, ಮೈಸೂರುಗಳ ಶೆಡ್ಡುಗಳಲ್ಲಿ ಸಲಿಕೆ ಹಿಡಿದವರು, ನಳಿಗೆ ಬಡಿದವರು, ಬೆಂಕಿ ಹೊತ್ತಿಸಿದವರು ಅಲ್ಲಲ್ಲಿ ಇದ್ದಾರೆ. ಓದುಗರ ಮನೆಯಲ್ಲಿಯೋ ನೆರೆಯಲ್ಲಿಯೋ ಅಂತಹ ಹಿರಿಯರಿದ್ದರೆ, ಅವರು ಮಾಡಿದ ಕೆಲಸವನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಒಂದು ಪ್ರತಿಯನ್ನು ಮೈಸೂರಿನ ಅಥವಾ ಹುಬ್ಬಳ್ಳಿಯ ರೈಲು ಸಂಗ್ರಹಾಲಯಕ್ಕೆ ತಲಪಿಸಬೇಕೆಂದು ನನ್ನ ಪ್ರಾರ್ಥನೆ.